ಎಡಗೈಗೆ ಬರೆಯದೆ ಬಿಟ್ಟ ಸಾಲು

ನನ್ನ ಎಡಗೈ ಸುಮ್ಮನೆ ಕೂರುವುದಿಲ್ಲ. ಮಗಳ ಸ್ವಭಾವವೇ ಹಾಗೆ ಎಂದು ಅಮ್ಮ ಹೇಳುತ್ತಾಳೆ, ಆದರೆ ನಾನೀಗ ಹೇಳುತ್ತಿರುವುದು ಕೈಯ ವಿಷಯ. ಉಪ್ಪುಂದದ ನಮ್ಮ ಭಜನಾ ಮಂದಿರದಲ್ಲಿ ಹತ್ತು ವರ್ಷದವಳಿದ್ದಾಗಿನಿಂದ ಹಾರ್ಮೋನಿಯಂ ನುಡಿಸಿದವಳು ನಾನು. ಅಪ್ಪ ಬೆಳಿಗ್ಗೆ ದೋಣಿಯವನು, ಸಂಜೆ ಮಂದಿರದ ಹಾರ್ಮೋನಿಯಂನವನು. ಬಲೆಯ ಹಗ್ಗಕ್ಕೆ ಸಿಕ್ಕಿ ಅಪ್ಪನ ಎರಡು ಬೆರಳು ಮಡಚದಂತೆ ಆದ ಮೇಲೆ ಪೆಟ್ಟಿಗೆ ನನ್ನ ಮುಂದೆ ಬಂತು. ಹಾರ್ಮೋನಿಯಂನಲ್ಲಿ ಬಲಗೈ ಹಾಡಿಗೆ, ಎಡಗೈ ಗಾಳಿಗೆ. ಹಿಂದಿನ ತಿದಿಯನ್ನು ಎಡಗೈ ಒತ್ತುತ್ತಲೇ ಇರಬೇಕು, ಇಲ್ಲದಿದ್ದರೆ ಸ್ವರವೇ ಹೊರಡುವುದಿಲ್ಲ. ಇಪ್ಪತ್ತೈದು ವರ್ಷ ಇದೊಂದೇ ಕೆಲಸ ಮಾಡಿದ ಕೈಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು?

ಇದು ತೊಂದರೆಯಾದದ್ದು ಪಿಯಾನೋ ಬಂದ ಮೇಲೆ. ಕುಂದಾಪುರದ ಒಂದು ಶಾಲೆಯಲ್ಲಿ ನಾನು ಸಂಗೀತದ ಟೀಚರ್. ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ ನಮ್ಮ ಕಡೆಯವರೊಬ್ಬರು, ಕಟ್ಟಡ ಕೆಡವಿ ಹೊಸದು ಕಟ್ಟಿಸುವಾಗ, ಊಟದ ಹಾಲಿನಲ್ಲಿದ್ದ ಪಿಯಾನೋವನ್ನು ಶಾಲೆಗೆ ಕೊಟ್ಟರು. ಮೀನಿನ ಲಾರಿ ವಾಪಸು ಬರುವಾಗ ಅದರಲ್ಲಿ ಹಾಕಿ ಕಳಿಸಿದ್ದರು. ಎರಡು ದಿನ ಶಾಲೆಯ ಸಭಾಂಗಣದಲ್ಲಿ ಬಂಗಡೆಯ ವಾಸನೆ ಇತ್ತು. ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು, ಇದರಲ್ಲೂ ಬೆರಳು ಒತ್ತುವ ಕಪ್ಪು ಬಿಳಿ ಮನೆಗಳೇ ಇರುವುದಲ್ಲವೇ, ನಿಮಗೆ ಆಗುತ್ತದಲ್ಲ ಎಂದು ಕೇಳಿದರು. ನನಗೆ ಆಗುವುದಿಲ್ಲ ಎಂದು ಹೇಳಿ ಅಭ್ಯಾಸವಿಲ್ಲ. ಆಗುತ್ತದೆ ಎಂದೆ.

ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯ ಎದುರು ಕೂತು ಬಲಗೈಯಲ್ಲಿ ಹಾಡು ನುಡಿಸಿದೆ. ಸ್ವರವೇನೋ ಸರಿಯಾಗಿಯೇ ಬಂತು. ಮಕ್ಕಳು ನಗಲು ಶುರು ಮಾಡಿದರು. ಏಕೆಂದು ತಿಳಿಯಲು ಒಂದು ಚರಣ ಮುಗಿಯಬೇಕಾಯಿತು: ನನ್ನ ಎಡಗೈ ಪಿಯಾನೋದ ಪಕ್ಕದಲ್ಲಿ, ಖಾಲಿ ಗಾಳಿಯಲ್ಲಿ, ಇಲ್ಲದ ತಿದಿಯನ್ನು ಒತ್ತುತ್ತಿತ್ತು. ಅದರ ಮುಂದಿನ ವಾರವೇ ಹೆಡ್‌ಮಿಸ್ಟ್ರೆಸ್ ನನ್ನನ್ನು ಪಿಯಾನೋ ಕಲಿಯಲು ಬ್ರಹ್ಮಾವರದ ಒಬ್ಬ ಟೀಚರ್ ಹತ್ತಿರ ಕಳಿಸಿದರು.

ಬ್ರಹ್ಮಾವರದ ಟೀಚರ್ ಆಗ ಎಪ್ಪತ್ತಾರು ದಾಟಿದವರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಚರ್ಚಿನಲ್ಲಿ ವರ್ಷಗಟ್ಟಲೆ ಆರ್ಗನ್ ನುಡಿಸಿದವರು. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ನಮ್ಮದೇ ಕನ್ನಡ. ಅಕ್ಕಪಕ್ಕದವರಿಗೆ ಅವರು ಬಾಯಮ್ಮ, ನನಗೆ ಟೀಚರ್. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗೆ ತಾಗಿಸಿಟ್ಟ ಪಿಯಾನೋ. ಮಳೆಗಾಲದಲ್ಲಿ ಮನೆಗಳು ಉಬ್ಬಿ ಅಂಟಿಕೊಳ್ಳಬಾರದು, ತಂತಿ ತುಕ್ಕು ಹಿಡಿಯಬಾರದು ಎಂದು ಅದರ ಹೊಟ್ಟೆಯೊಳಗೆ ಸದಾ ಉರಿಯುವ ಒಂದು ಸಣ್ಣ ಬಲ್ಬು. ಮುಚ್ಚಳದ ಸಂದಿಯಿಂದ ಹಳದಿ ಬೆಳಕು ಕಾಣುತ್ತಿತ್ತು. ಮೊದಲ ದಿನ ಅದು ದೇವರ ಗೂಡು ಎಂದುಕೊಂಡು ಚಪ್ಪಲಿಯ ಕಡೆ ನೋಡಿಕೊಂಡೆ.

ಶನಿವಾರ ಶಾಲೆ ಅರ್ಧ ದಿನ. ಕುಂದಾಪುರದಲ್ಲಿ ಬಸ್ಸು ಹತ್ತಿದರೆ ಕೋಟೇಶ್ವರ, ಕುಂಭಾಶಿಯಲ್ಲಿ ಬಸ್ಸಿನವರೆಲ್ಲ ಆನೆಗುಡ್ಡೆ ಗಣಪತಿಯ ಕಡೆ ತಿರುಗಿ ಕೈ ಎದೆಗೆ ತಾಗಿಸುವುದು, ಆಮೇಲೆ ಕೋಟ, ಸಾಲಿಗ್ರಾಮ, ಬ್ರಹ್ಮಾವರ. ಎರಡೂವರೆಗೆ ಪಾಠ ಶುರು. ಎರಡು ಮೂವತ್ತೈದಕ್ಕೆ ಹೋದರೆ ಟೀಚರ್ ಐದು ನಿಮಿಷ ಸುಮ್ಮನೆ ಕೂರಿಸಿಬಿಡುತ್ತಿದ್ದರು. ನಾನು ತಡ ಮಾಡಿದ್ದೆಷ್ಟು ಎಂದು ನನಗೆ ಗೊತ್ತಾಗಲಿ ಎಂದು.

ಮೊದಲ ಪಾಠದಲ್ಲೇ ಕೈ ಮರ್ಯಾದೆ ತೆಗೆಯಿತು. ಎಡಗೈಗೆ ಬರೆದಿದ್ದ ನಾಲ್ಕು ಸ್ವರ ನುಡಿಸಿದ್ದೇ ತಡ, ಅದು ಮನೆ ಬಿಟ್ಟು ಎದ್ದು ಗಾಳಿಗೆ ಹೋಯಿತು.

“ಎಂತ ಹೆಣೆ, ನೊಣ ಓಡ್ಸುದಾ?” ಎಂದರು ಟೀಚರ್, ಸಣ್ಣ ಹುಡುಗಿಯನ್ನು ಕರೆದ ಹಾಗೆ.

ಒಳಗೆ ಹೋಗಿ ಒಂದು ಹುಣಸೆ ಬೀಜ ತಂದು ನನ್ನ ಎಡಗೈಯ ಹಿಂಬದಿಯ ಮೇಲೆ ಇಟ್ಟರು. ಬೀಜ ಬಿದ್ದರೆ ಮೊದಲಿನಿಂದ ನುಡಿಸಬೇಕು. ಮೊದಲ ತಿಂಗಳು ನಾನು ಪಿಯಾನೋ ಕಲಿತದ್ದಕ್ಕಿಂತ ಬಗ್ಗಿ ನೆಲದ ಮೇಲಿನ ಬೀಜ ಹೆಕ್ಕಿದ್ದೇ ಹೆಚ್ಚು. ಕೈ ಬಿಗಿ ಹಿಡಿದು ಕೂತರೆ ಬೀಜ ನಿಲ್ಲುತ್ತಿತ್ತು, ಆದರೆ ಸ್ವರ ಮರದ ತುಂಡು ಬಡಿದ ಹಾಗೆ ಬರುತ್ತಿತ್ತು. ಸಡಿಲ ಬಿಟ್ಟರೆ ಸ್ವರ ಬರುತ್ತಿತ್ತು, ತಾಳಕ್ಕಿಂತ ಒಂದು ಕೂದಲೆಳೆಯಷ್ಟು ಹಿಂದೆ. ಟೀಚರ್ ಪೆನ್ಸಿಲಿನಿಂದ ಪಿಯಾನೋದ ಅಂಚಿಗೆ ಕುಟ್ಟಿ, ತಡ, ತಡ ಎನ್ನುತ್ತಿದ್ದರು. ಅವರು ಕಲಿತದ್ದು, ಕಲಿಸುವುದು ಯುರೋಪಿನ ಹಳೆಯ ಶಾಸ್ತ್ರೀಯ ಸಂಗೀತ. ಅದರಲ್ಲಿ ಪ್ರತಿ ಸ್ವರವೂ ಕಾಗದದ ಮೇಲಿದೆ. ಎಷ್ಟು ಜೋರಾಗಿ, ಎಷ್ಟು ಮೆತ್ತಗೆ, ಯಾವ ಬೆರಳಿನಲ್ಲಿ ಎಂಬುದೂ ಇದೆ. ಅವರ ಪಾಠದ ಸಾರ ಒಂದೇ ಮಾತು: “ಬರ್ದದ್ದ್ ಬಾರ್ಸ್. ಬರೀದೆ ಇದ್ದದ್ದ್ ಬಾರ್ಸುದ್ ಬ್ಯಾಡ.”

ನಾನೋ, ಬರೆದದ್ದನ್ನು ನೋಡಿ ಜೀವಮಾನದಲ್ಲಿ ಒಂದು ಸ್ವರ ನುಡಿಸಿದವಳಲ್ಲ. ಓದಲು ಕಲಿಯಲು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಶಾಲೆಯ ಮಕ್ಕಳ ಪ್ರಾರ್ಥನೆಗೆ ಎರಡು ಕೈಯಲ್ಲೂ ನುಡಿಸುವಂತಾಗಿದ್ದೆ. ಅಲ್ಲಿಗೆ ಬಿಡಬಹುದಿತ್ತು. ಬಿಡದೆ ಹೋಗುತ್ತಿದ್ದೆ, ಏಕೆಂದರೆ ಟೀಚರ್ ಎದುರು ಸೋತು ಬಿಡುವುದು ನನಗೆ ಆಗದ ಕೆಲಸ.

ಎರಡನೆಯ ವರ್ಷದ ಒಂದು ಶನಿವಾರ ಟೀಚರ್ ಪಿಯಾನೋದ ಬೆಂಚಿನ ಮುಚ್ಚಳ ಎತ್ತಿ, ಒಂದು ಕಾಗದ ತೆಗೆದು ನನ್ನ ಮುಂದೆ ಇಟ್ಟರು. ಕೈಬರಹದ ಒಂದೇ ಪುಟ. ಮೇಲೆ ಶೀರ್ಷಿಕೆ ಇರಲಿಲ್ಲ. ಪಿಯಾನೋ ಸಂಗೀತವನ್ನು ಎರಡೆರಡು ಸಾಲು ಜೋಡಿಸಿ ಬರೆಯುತ್ತಾರೆ, ಮೇಲಿನ ಸಾಲು ಬಲಗೈಗೆ, ಕೆಳಗಿನದು ಎಡಗೈಗೆ. ಈ ಪುಟದಲ್ಲಿ ಮೇಲಿನ ಸಾಲುಗಳು ಮುತ್ತು ಪೋಣಿಸಿದಂತೆ ತುಂಬಿದ್ದವು. ಕೆಳಗಿನ ಸಾಲುಗಳು ಖಾಲಿ. ಅಲ್ಲಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಏಳು, ಒಂಬತ್ತು ಎಂಬ ಅಂಕೆ, ಅಷ್ಟೇ. ಖಾಲಿ ಸಾಲುಗಳ ಜಾಗದಲ್ಲಿ ಕಾಗದ ಎಷ್ಟು ತೆಳುವಾಗಿತ್ತೆಂದರೆ, ಎರಡು ಕಡೆ ತೂತು ಬಿದ್ದು ಹಿಂದಿನಿಂದ ಬಿಳಿ ಕಾಗದ ಅಂಟಿಸಿದ್ದರು.

ಅದು ಅವರ ಗಂಡ ಬರೆದದ್ದು. ಅವರು ಮುಂಬಯಿಯ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ಪಿಯಾನೋ ನುಡಿಸಿದವರು. (ನಮ್ಮ ಶಾಲೆಗೆ ಬಂದ ಪಿಯಾನೋ ಅದೇ ಇರಬಹುದೇ ಎಂದು ನಾನು ವಿಚಾರಿಸಿದ್ದೂ ಉಂಟು. ಅಲ್ಲ, ಬೇರೆ ಹೋಟೆಲು.) ಅವರದು ಜಾಝ್, ಅಮೆರಿಕದ ಕಡೆಯ ಸಂಗೀತ. ಟೀಚರಿಗೆ ಇಲ್ಲಿ ಶಾಲೆಯ ಕೆಲಸ, ಅವರಿಗೆ ಅಲ್ಲಿ ಹೋಟೆಲಿನ ಕೆಲಸ. ಮಳೆಗಾಲದಲ್ಲಿ ಎರಡು ತಿಂಗಳು ಊರಿಗೆ ಬರುತ್ತಿದ್ದರು. ಆ ಎರಡು ತಿಂಗಳು ಈ ಮನೆಯಲ್ಲಿ ಒಂದೇ ಪಿಯಾನೋಗೆ ಇಬ್ಬರ ಜಗಳ. ಅವರು ನುಡಿಸಲು ಕೂತರೆ ಎಡಗೈ ಬಲಗೈಯ ಹಿಂದೆ ಆರಾಮವಾಗಿ ನಡೆದುಕೊಂಡು ಬರುತ್ತಿತ್ತಂತೆ. ಟೀಚರ್ ಅಡುಗೆಮನೆಯಿಂದಲೇ, ತಡ ಆಯಿತು ಎಂದು ಕೂಗುತ್ತಿದ್ದರಂತೆ. ಅವರು ನಕ್ಕು ಇನ್ನಷ್ಟು ತಡ ಮಾಡುತ್ತಿದ್ದರಂತೆ. ಈ ಸಂಗತಿಗಳನ್ನು ಟೀಚರ್ ಒಂದೇ ದಿನ ಹೇಳಿದವರಲ್ಲ. ನಾಲ್ಕಾರು ಶನಿವಾರ ಒಂದೊಂದು ಚೂರು ಹೇಳಿದ್ದನ್ನು ನಾನು ಜೋಡಿಸಿಕೊಂಡದ್ದು.

ಕೆಲಸ ಬಿಟ್ಟು ಊರಿಗೆ ಬಂದ ವರ್ಷ ಅವರು ಈ ಒಂದು ಪುಟ ಬರೆದು, ಇದು ನಿನಗೆ ಎಂದು ಹೆಂಡತಿಗೆ ಕೊಟ್ಟರು. ಮೇಲಿನದು ನಿನ್ನ ಥರ, ಕೆಳಗಿನದು ನನ್ನ ಥರ ಎಂದರಂತೆ. ಕೆಳಗಿನದು ಎಲ್ಲಿದೆ ಎಂದು ಇವರು ಕೇಳಿದ್ದಕ್ಕೆ, ನುಡಿಸಿ ತೋರಿಸುತ್ತೇನೆ, ಆಸ್ಪತ್ರೆಯಿಂದ ಬಂದ ಮೇಲೆ ಎಂದರು. ಆಸ್ಪತ್ರೆಯಿಂದ ಅವರು ಬರಲಿಲ್ಲ.

ಆಮೇಲೆ ಟೀಚರ್ ಅದನ್ನು ಪೂರ್ತಿ ಮಾಡಲು ಹೊರಟರು. ಪೆನ್ಸಿಲ್ ಹಿಡಿದು, ತಮಗೆ ಗೊತ್ತಿದ್ದ ನಿಯಮದ ಪ್ರಕಾರ ಎಡಗೈಯ ಸಾಲು ತುಂಬಿಸಿದರು. ನುಡಿಸಿ ನೋಡಿದರು, ಚರ್ಚಿನ ಹಾಡಿನ ಹಾಗೆ ಕೇಳಿತು. ಅಳಿಸಿದರು. ಮತ್ತೆ ಬರೆದರು, ಮತ್ತೆ ಅಳಿಸಿದರು. ಕಾಗದ ತೂತು ಬಿದ್ದದ್ದು ಹಾಗೆ.

“ನಂಗೆ ಇದ್ ಒಂದ್ಸಲ ಪೂರ್ತಿ ಕೇಣ್ಕ್,” ಎಂದರು ಟೀಚರ್. “ಕೆಮಿ ಪೂರಾ ಹೋಪುಕ್ ಮುಂಚೆ.”

ಕಿವಿ ಮಂದವಾಗುತ್ತಿದೆ ಎಂದು ಅವರು ಆಗಾಗ ಹೇಳುವುದಿತ್ತು. ಎಪ್ಪತ್ತೆಂಟರ ಹತ್ತಿರದವರಿಗೆ ಕಿವಿ ಮಂದವಾಗದೆ ಇನ್ನೇನಾಗುತ್ತದೆ ಎಂದು ನಾನು ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಅವರು ಮಣಿಪಾಲದಲ್ಲಿ ಕಿವಿ ತೋರಿಸಿ ಬಂದಿದ್ದರು, ಒಂದು ಯಂತ್ರವೂ ಬಂದಿತ್ತು. ಅದನ್ನು ಹಾಕಿಕೊಂಡರೆ ಮಾತು ಕೇಳುತ್ತದೆ, ಪಿಯಾನೋ ಮಾತ್ರ ತಟ್ಟೆ ಬಡಿದ ಹಾಗೆ ಕೇಳುತ್ತದೆ ಎಂದು ಪಾಠದ ಹೊತ್ತಿಗೆ ಕಿತ್ತು ಸಕ್ಕರೆ ಡಬ್ಬಿಯ ಪಕ್ಕ ಇಡುತ್ತಿದ್ದರು.

ಕಾಗದದ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಮನೆಗೆ ಬಂದೆ. ಬಲಗೈಯ ಸಾಲು ಕಲಿಯಲು ಕಷ್ಟವಾಗಲಿಲ್ಲ. ಪಿಯಾನೋದ ಬಲತುದಿಯ ಹತ್ತಿರ, ಎತ್ತರದ ಸ್ವರಗಳಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುವ ಧಾಟಿ. ಒಂದು ಮಾತು ಕೇಳಿ ಅದಕ್ಕೊಂದು ಉತ್ತರ ಕೊಟ್ಟ ಹಾಗೆ, ಅಳತೆ ತಪ್ಪದ ಜೋಡಿ ಸಾಲುಗಳು. ಟೀಚರ್ ಕಲಿಸುತ್ತಿದ್ದ ಹಳೆಯ ಶಾಸ್ತ್ರೀಯ ಪಾಠಗಳ ಅಕ್ಕನೋ ತಂಗಿಯೋ ಇರಬೇಕು. ತೊಂದರೆ ಇದ್ದದ್ದು ಕೆಳಗಿನ ಅಕ್ಷರಗಳದ್ದು. ಮೊದಲು ಅವು ಶ್ರುತಿ ಬದಲಿಸುವ ಗುರುತು ಎಂದುಕೊಂಡು ಒಂದು ವಾರ ದಂಡ ಮಾಡಿದೆ. ಆಮೇಲೆ ಮೊಬೈಲಿನಲ್ಲಿ ಹುಡುಕಿ ತಿಳಿದುಕೊಂಡೆ: ಒಂದೊಂದು ಅಕ್ಷರವೂ ಒಂದೊಂದು ಸ್ವರಗಳ ಗೊಂಚಲಿಗೆ ಗುರುತು. ಜಾಝ್ ನುಡಿಸುವವರಿಗೆ ಗೊಂಚಲಿನ ಹೆಸರು ಹೇಳಿದರೆ ಸಾಕು, ಅದನ್ನು ಹೇಗೆ ಬಿಡಿಸಿ, ಯಾವಾಗ ಒತ್ತಬೇಕೆಂಬುದು ಆ ಕ್ಷಣದಲ್ಲಿ ಅವರ ಕೈಗೆ ಬಿಟ್ಟದ್ದು.

ಇದನ್ನು ಓದಿದ ಕೂಡಲೇ ನನಗೆ ನಗು ಬಂತು. ನಮ್ಮ ಮಂದಿರದ ಭಜನೆಯ ಪುಸ್ತಕದಲ್ಲೂ ಹಾಡಿನ ಸಾಲಿರುತ್ತದೆ, ಮೇಲೊಂದು ರಾಗದ ಹೆಸರಿರುತ್ತದೆ. ಹಾರ್ಮೋನಿಯಂನವರು ಎಲ್ಲಿ ಏನು ಮಾಡಬೇಕೆಂದು ಯಾವ ಪುಣ್ಯಾತ್ಮನೂ ಬರೆದಿಟ್ಟಿಲ್ಲ. ಹಾಗೆಂದು ಪುಸ್ತಕ ಅರ್ಧವಾಯಿತೇ?

ಮುಂದಿನ ಶನಿವಾರ ಹೋಗಿ ಟೀಚರಿಗೆ ಇದನ್ನೇ ಹೇಳಿದೆ. ಹೇಳುವ ರೀತಿಯಲ್ಲಿ ಸ್ವಲ್ಪ ಮೆರೆದೆ ಎಂದು ಈಗ ಅನಿಸುತ್ತದೆ. “ಇದ್ ಅರ್ಧಕ್ಕೆ ಬಿಟ್ಟದ್ದ್ ಅಲ್ಲ ಟೀಚರ್. ಇದನ್ನ್ ಬರೆವ್ದೇ ಹೀಂಗೆ. ನಮ್ ಮಂದಿರದ ಪುಸ್ತಕ್ದಂಗೂ ಹೀಂಗೇ ಇಪ್ದ್.”

ಟೀಚರ್ ಕಾಗದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹನ್ನೊಂದು ವರ್ಷದಿಂದ ಅವರು ಅದನ್ನು ಗಂಡ ಮುಗಿಸದೆ ಹೋದ ಕೆಲಸ ಎಂದೇ ನಂಬಿದ್ದರು, ತಾವು ಮುಗಿಸಬೇಕಾದ ಕೆಲಸ ಎಂದು ರಬ್ಬರು ಸವೆಸಿದ್ದರು. ನಾನು ಬಂದು ಒಂದು ಭಜನೆ ಪುಸ್ತಕದ ಮಾತಿನಲ್ಲಿ ಅದೆಲ್ಲ ವ್ಯರ್ಥ ಎಂದುಬಿಟ್ಟೆ. ಆಗ ನನಗೆ ಇದು ಹೊಳೆಯಲಿಲ್ಲ.

“ನಲ್ವತ್ತ್ ವರ್ಷ ಸಂಸಾರ ಮಾಡ್ದದ್ದ್ ನಾನ್,” ಎಂದರು. “ಅವ್ರ್ ಎಂತ ಅಂದೇಳಿ ನೀನ್ ನಂಗೆ ಹೇಳಿ ಕೊಡುದ್ ಬ್ಯಾಡ.”

ನನಗೂ ಸಿಟ್ಟು ಬಂತು. ಹಾಗಾದರೆ ನೀವೇ ನುಡಿಸಿಕೊಳ್ಳಿ ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಕೊಲ್ಲೂರಿಗೆ ಹೋಗುವ ಯಾತ್ರಿಕರ ಗುಂಪು ತುಂಬಿತ್ತು, ಕೂರಲು ಜಾಗವಿರಲಿಲ್ಲ. ಕುಂದಾಪುರದವರೆಗೂ ನಿಂತುಕೊಂಡೇ ಟೀಚರನ್ನು ಮನಸ್ಸಿನಲ್ಲಿ ಬೈಯುತ್ತ ಬಂದೆ. ಮೂರು ಶನಿವಾರ ಹೋಗಲಿಲ್ಲ. ಫೋನು ಮಾಡಲಿಲ್ಲ, ಅವರೂ ಮಾಡಲಿಲ್ಲ.

ಆದರೆ ಹಾಡು ತಲೆಯಿಂದ ಇಳಿಯಲೊಲ್ಲದು. ಶಾಲೆ ಬಿಟ್ಟ ಮೇಲೆ ಸಭಾಂಗಣದಲ್ಲಿ ಕೂತು ನುಡಿಸುತ್ತಿದ್ದೆ. ಮೊಬೈಲಿನಲ್ಲಿ ಜಾಝ್ ಕೇಳಿ ಕೇಳಿ ಅದರಂತೆ ಎರಡೂ ಕೈಯನ್ನು ಕುಣಿಸಿದೆ. ಬಲಗೈಯ ಆ ಅಚ್ಚುಕಟ್ಟಾದ ಧಾಟಿ ಕುಡಿದವರ ನಡಿಗೆಯಾಯಿತು. ಇದಾಗದು ಎಂದು ಟೀಚರ್ ಕಲಿಸಿದಂತೆ ಎರಡೂ ಕೈ ತಾಳಕ್ಕೆ ಸರಿಯಾಗಿ ಇಟ್ಟೆ. ಗೊಂಚಲುಗಳು ಧಡ್ ಧಡ್ ಎಂದು ಬಿದ್ದವು, ಗೋಣಿಚೀಲ ಇಳಿಸಿದ ಹಾಗೆ. ಎರಡನ್ನೂ ಬೆರೆಸಬೇಕು, ಅದು ಗೊತ್ತಿತ್ತು. ಮೇಲಿನದು ನಿನ್ನ ಥರ, ಕೆಳಗಿನದು ನನ್ನ ಥರ ಎಂದು ಟೀಚರಿನ ಗಂಡ ಹೇಳಿಯೇ ಹೋಗಿದ್ದರು. ಆದರೆ ಒಂದು ಮೈಯ ಎರಡು ಕೈ ಎರಡು ಥರ ನಡೆಯುವುದು ಹೇಗೆ? ಒಂದು ಕೈ ಇನ್ನೊಂದನ್ನು ತನ್ನ ಕಡೆ ಎಳೆದುಕೊಂಡೇ ತೀರುತ್ತಿತ್ತು.

ಅದು ಮೀನುಗಾರಿಕೆಗೆ ರಜೆಯ ಕಾಲ, ಮಳೆಗಾಲದ ಎರಡು ತಿಂಗಳು ದೋಣಿಗಳೆಲ್ಲ ದಡದ ಮೇಲೆ. ಅಪ್ಪ ಮನೆಯಲ್ಲೇ ಇದ್ದ. ಶನಿವಾರ ಬ್ರಹ್ಮಾವರ ತಪ್ಪಿದ್ದರಿಂದ ನಾನೂ ಸಂಜೆ ಹೊತ್ತಿಗೆ ಮಂದಿರಕ್ಕೆ ಹೋದೆ. ಮಂದಿರ ಎಂದರೆ ಕಡಲಿನಿಂದ ನೂರು ಹೆಜ್ಜೆ, ಮಳೆ ಬಂದರೆ ಒಂದು ಬದಿಯ ಕಿಟಕಿ ಹಾಕಿಕೊಂಡು ಕೂರಬೇಕು. ನಾನು ಹಾರ್ಮೋನಿಯಂ ಹಿಡಿದು ಕೂತೆ, ಎದುರಿಗೆ ಹೆಂಗಸರು, ಗಂಡಸರು ಸೇರಿ ಮೂವತ್ತು ಜನ. ಎರಡನೆಯ ಭಜನೆಯ ನಡುವೆ ನನ್ನ ಕಣ್ಣು ನನ್ನದೇ ಎಡಗೈಯ ಮೇಲೆ ಬಿತ್ತು. ಎರಡು ವರ್ಷ ಹುಣಸೆ ಬೀಜ ಹೊತ್ತ ಕೈ ಅಲ್ಲವೇ, ಅದರ ಮೇಲೆ ನನಗೂ ಒಂದು ನಿಗಾ ಬಂದುಬಿಟ್ಟಿತ್ತು. ಬಲಗೈ ತಾಳಕ್ಕೆ ಸರಿಯಾಗಿ ಸ್ವರ ಹಿಡಿಯುತ್ತಿದೆ. ಎಡಗೈ ತಾಳ ದಾಟಿದ ಮೇಲೆ, ಸ್ವಲ್ಪ ನಿಂತು, ತಿದಿ ಒತ್ತುತ್ತಿದೆ. ಎರಡು ಕೈ, ಎರಡು ಥರ. ಹತ್ತನೆಯ ವಯಸ್ಸಿನಿಂದ ಮಾಡುತ್ತ ಬಂದದ್ದನ್ನೇ ನಾನು ಆಗುವುದಿಲ್ಲ ಎಂದು ತಿಂಗಳಿಂದ ಒದ್ದಾಡುತ್ತಿದ್ದೆ.

ಮನೆಗೆ ಬಂದು ಅಪ್ಪನಲ್ಲಿ ಕೇಳಿದೆ, ನನ್ನ ತಿದಿಯ ಕೈ ತಾಳಕ್ಕಿಂತ ಹಿಂದೆ ಬೀಳುವುದು ನಿನಗೆ ಗೊತ್ತಿತ್ತೇ ಎಂದು. ಅಪ್ಪನಿಗೆ ಇದೊಂದು ಕೇಳುವ ವಿಷಯ ಎಂದೇ ಅನಿಸಲಿಲ್ಲ.

“ತಿದಿ ಒತ್ತುದ್ ತಾಳಕ್ಕಲ್ಲ,” ಎಂದ. “ಜನ ಉಸ್ರ್ ತಕಂಬತ್ತಿಗೆ ಒತ್ತುದ್.”

ಹಾಡುವವರು ಒಂದು ಸಾಲು ಮುಗಿಸಿ ಉಸಿರು ಎಳೆದುಕೊಳ್ಳುವ ಹೊತ್ತಿಗೆ ಪೆಟ್ಟಿಗೆಯೂ ಉಸಿರು ಎಳೆದುಕೊಳ್ಳಬೇಕು, ಆಗ ಮುಂದಿನ ಸಾಲಿಗೆ ಸ್ವರ ಬಲವಾಗಿ ನಿಲ್ಲುತ್ತದೆ. ಅಪ್ಪ ನನಗೆ ಇದನ್ನು ಕಲಿಸಿಯೂ ಇರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡಿದ್ದ, ಅಷ್ಟೇ.

ಸೋಮವಾರ ಶಾಲೆ ಬಿಟ್ಟ ಕೂಡಲೇ ಪಿಯಾನೋದ ಮುಂದೆ ಕೂತೆ. ಬಲಗೈಯನ್ನು ಟೀಚರಿನ ಪೆನ್ಸಿಲಿಗೆ ಒಪ್ಪಿಸಿದೆ, ಒಂದು ಎಳೆ ಆಚೀಚೆ ಇಲ್ಲ. ಎಡಗೈಯನ್ನು ಮಂದಿರಕ್ಕೆ ಬಿಟ್ಟೆ. ಗೊಂಚಲಿನ ಸ್ವರಗಳು ತಿಳಿದಿದ್ದವು. ಯಾವಾಗ ಒತ್ತಬೇಕೆಂಬುದನ್ನು ಮೇಲಿನ ಧಾಟಿ ಉಸಿರು ಎಳೆದುಕೊಳ್ಳುವ ಜಾಗ ಹೇಳಿತು. ಮೊದಲ ನಾಲ್ಕು ಸಾಲು ಮುಗಿಯುವಾಗ ಮೈ ಜುಮ್ಮೆಂದಿತು. ಶಾಸ್ತ್ರೀಯದ ಆ ಇಸ್ತ್ರಿ ಹಾಕಿದ ಅಂಗಿ ಹಾಗೆಯೇ ಇತ್ತು, ಆದರೆ ಅದರೊಳಗೆ ಒಬ್ಬ ಮನುಷ್ಯ ಓಡಾಡುತ್ತಿದ್ದ. ನಾನು ಕಂಡೇ ಇರದ ಮನುಷ್ಯ. ಸಭಾಂಗಣ ಗುಡಿಸಲು ಬಂದಿದ್ದ ಅಕ್ಕ ಪೊರಕೆ ಹಿಡಿದು ನಿಂತು, ಇದು ಯಾವ ಸಿನಿಮಾದ್ದು ಎಂದು ಕೇಳಿದಳು.

ನಾಲ್ಕನೆಯ ಶನಿವಾರ ಬ್ರಹ್ಮಾವರಕ್ಕೆ ಹೋದೆ. ಕ್ಷಮೆ ಕೇಳುವ ಕಲೆ ನನಗೆ ಬರುವುದಿಲ್ಲ, ಅಮ್ಮ ಕಟ್ಟಿಕೊಟ್ಟ ಒಣ ಸಿಗಡಿಯ ಪೊಟ್ಟಣ ತೆಗೆದುಕೊಂಡು ಹೋಗಿದ್ದೆ. ಬಾಗಿಲು ತೆರೆದಿತ್ತು. ಟೀಚರ್ ಕಿಟಕಿಯ ಹತ್ತಿರ ನನಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಅವರ ಫೋನು ಹೊಡೆದುಕೊಳ್ಳುತ್ತಿತ್ತು, ಕೀಚು ದನಿಯ ರಿಂಗು. ಒಮ್ಮೆ ನಿಂತು ಮತ್ತೆ ಹೊಡೆದುಕೊಂಡಿತು. ಅವರು ತಿರುಗಲಿಲ್ಲ. ಕೈಯಳತೆಯ ದೂರ.

ನಾನು ಅವರೆದುರು ಹೋಗಿ ನಿಂತ ಮೇಲೆ ನೋಡಿ, ಒಳಗೆ ಹೋಗಿ ಯಂತ್ರ ಹಾಕಿಕೊಂಡು ಬಂದರು. ಫೋನಿನ ವಿಷಯ ಹೇಳಿದೆ. ಅವರು ಸುತ್ತು ಬಳಸದೆ ಹೇಳಿದರು, ಯಂತ್ರವಿಲ್ಲದೆ ಎತ್ತರದ ದನಿ ಯಾವುದೂ ತಮಗೆ ಕೇಳುವುದಿಲ್ಲ. ಕುಕ್ಕರಿನ ಸೀಟಿ, ಬೆಳಗಿನ ಹಕ್ಕಿ, ಫೋನು, ಯಾವುದೂ ಇಲ್ಲ. ಕಿವಿ ಮೇಲಿನಿಂದ ಕೆಳಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಮೊದಲು ಎತ್ತರದ ಸ್ವರ, ಆಮೇಲೆ ಉಳಿದದ್ದು.

ನಾನು ಪಿಯಾನೋದ ಬಲತುದಿಯ ಕಡೆ ಕೈ ತೋರಿಸಿದೆ.

“ಆ ಮನೆ ಒಂದೂ ಕೇಂತಿಲ್ಲೆ,” ಎಂದರು. “ಹೋದ್ ಮಳ್ಗಾಲ್ದಿಂದ್ಲೂ.”

ನನಗೆ ಒಂದು ವರ್ಷದ ಪಾಠವೆಲ್ಲ ಕಣ್ಣ ಮುಂದೆ ಬಂತು. ಒಂದು ವರ್ಷದಿಂದ ಟೀಚರ್ ನನ್ನ ಬಲಗೈಗೆ ಒಂದು ಮಾತು ಬೈದಿರಲಿಲ್ಲ. ಸರಿಯಿದೆ, ಸರಿಯಿದೆ ಎನ್ನುತ್ತಿದ್ದರು, ಬೈಗುಳವೆಲ್ಲ ಎಡಗೈಗೇ. ನಾನು ನನ್ನ ಬಲಗೈ ಪಳಗಿತು ಎಂದು ಉಬ್ಬಿದ್ದೆ, ಮನೆಯಲ್ಲಿ, ಶಾಲೆಯಲ್ಲಿ ಹೇಳಿಕೊಂಡೂ ಬಂದಿದ್ದೆ. ಮತ್ತೆ ಸರಿಯಿದೆ ಎಂದದ್ದು ಏಕೆ ಎಂದು ಕೇಳಿದೆ. ಬೆರಳು ನೋಡಿ ಹೇಳಿದೆ, ಬೆರಳು ಸರಿ ಜಾಗದಲ್ಲಿತ್ತು ಎಂದರು. ಅವಮಾನವಾಯಿತು, ಆದರೆ ಅದು ಸಣ್ಣ ಮಾತು. ಅವರು ಒಂದು ಸಲ ಪೂರ್ತಿ ಕೇಳಬೇಕೆಂದಿದ್ದ ಹಾಡಿನ ಬರೆದ ಭಾಗ, ಆ ಎತ್ತರದ ಧಾಟಿ, ನನಗೆ ಕಾಗದ ತೋರಿಸುವ ಮೊದಲೇ ಅವರ ಕಿವಿಯಿಂದ ಹೋಗಿಯಾಗಿತ್ತು. ನಾನು ಮೂರು ವಾರ ಮುನಿಸಿಕೊಂಡು ಕೂತಿದ್ದೆ.

ಟೀಚರ್ ಯಂತ್ರ ಕಿತ್ತು ಸಕ್ಕರೆ ಡಬ್ಬಿಯ ಪಕ್ಕ ಇಟ್ಟು ಬಂದು, ಪಿಯಾನೋದ ಎಡಬದಿಗೆ ಕುರ್ಚಿ ಎಳೆದುಕೊಂಡರು. ಕಾಗದವನ್ನು ಸ್ಟ್ಯಾಂಡಿನ ಮೇಲೆ ಇಟ್ಟರು. ನಾನು ನುಡಿಸಿದೆ. ಎಡಗೈ ತಪ್ಪಬಾರದು ಎಂದು ಬೇಡಿಕೊಂಡು ನುಡಿಸಿದೆ, ಏಕೆಂದರೆ ಅವರಿಗೆ ಕೇಳಿಸುವುದು ಅದೊಂದೇ. ಬರೆದದ್ದು ಅವರಿಗೆ ಕೇಳದು. ಬರೆಯದೆ ಬಿಟ್ಟದ್ದು ಮಾತ್ರ ಕೇಳುತ್ತದೆ.

ಟೀಚರ್ ಮೇಲಿನ ಸಾಲಿನ ಮೇಲೆ ಬೆರಳು ಸರಿಸುತ್ತ ಕೂತಿದ್ದರು. ಎರಡನೆಯ ಜೋಡಿ ಸಾಲಿನಲ್ಲಿ, ಧಾಟಿ ಉಸಿರೆಳೆಯುವ ಜಾಗದಲ್ಲಿ ನನ್ನ ಎಡಗೈ ಹಿಂದೆ ಬಿದ್ದು ಬಂದು ಗೊಂಚಲು ಒತ್ತಿದಾಗ, ಅವರ ಬೆರಳು ನಿಂತಿತು. ಪೆನ್ಸಿಲು ಪಕ್ಕದಲ್ಲೇ ಇತ್ತು, ಅದನ್ನು ಅವರು ಮುಟ್ಟಲಿಲ್ಲ.

“ತಡ ಮಾಡ್ತೆ ನೀನ್,” ಎಂದರು ಪುಟ ಮುಗಿದ ಮೇಲೆ.

ನಾನು ಹೌದು ಎಂದು ತಲೆಯಾಡಿಸಿದೆ.

“ಅವ್ರ್ ಸಮಾ ಇಷ್ಟೇ ತಡ ಮಾಡುದ್.”

ಆಮೇಲೆ ಸ್ವಲ್ಪ ಹೊತ್ತು ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು. ಅಳುತ್ತಿದ್ದರು, ಮರೆಮಾಡಲೂ ಇಲ್ಲ. ನನಗೂ ಅಳು ಬಂತು. ಮೇಲಿನದು ಕೇಳಿಸದೇ ಹೋಯಿತಲ್ಲ ಟೀಚರ್ ಎಂದು, ಅವರಿಗೆ ಕೇಳದೆಂಬುದನ್ನೂ ಮರೆತು, ಮಾಮೂಲಿ ದನಿಯಲ್ಲೇ ಹೇಳಿದೆ. ತುಟಿ ನೋಡಿ ತಿಳಿದುಕೊಂಡರೋ ಏನೋ.

“ಮೇಲಿಂದ್ ನಂಗೆ ಬಾಯಿಪಾಠ,” ಎಂದರು. “ಕೆಳ್ಗಿಂದೇ ಗೊತ್ತಿರ್ಲಿಲ್ಲೆ.”

ಕುರ್ಚಿ ಬಿಟ್ಟು ಎದ್ದು, ನನ್ನನ್ನು ಬೆಂಚಿನ ಎಡತುದಿಗೆ ಸರಿಸಿ, ಬಲಬದಿಯಲ್ಲಿ ತಾವು ಕೂತರು. ಎಡಗೈ ಮಾತ್ರ ನುಡಿಸು ಎಂದು ಸನ್ನೆ ಮಾಡಿದರು. ಬಲಗೈಯ ಸಾಲನ್ನು ಅವರೇ ನುಡಿಸಲು ಶುರು ಮಾಡಿದರು, ಒಂದು ಸ್ವರವೂ ತಮಗೆ ಕೇಳದೆ. ಒಂದು ಸ್ವರವೂ ತಪ್ಪಲಿಲ್ಲ. ಅವರ ಬೆರಳು ಗಡಿಯಾರದಂತೆ ನಡೆಯಿತು, ನನ್ನದು ಅದರ ಹಿಂದೆ ಆರಾಮವಾಗಿ ಹೋಯಿತು. ಮೊದಲ ಸಾಲು ಹಾಗೆ, ಎರಡನೆಯದು ಹಾಗೆ.

ಮೂರನೆಯ ಸಾಲಿನ ಉಸಿರಿನ ಜಾಗ ಬಂದಾಗ ಟೀಚರ್ ಮುಂದೆ ಹೋಗಲಿಲ್ಲ. ಬಲಗೈಯ ಬೆರಳು ಮನೆಯ ಮೇಲಿಟ್ಟುಕೊಂಡು, ನನ್ನ ಎಡಗೈಯನ್ನು ನೋಡುತ್ತ ಕಾದರು. ಎಡಗೈ ಬಂದು ಗೊಂಚಲು ಒತ್ತಿದ ಮೇಲೆ, ಅದರ ಜೊತೆಗೆ ತಮ್ಮ ಸ್ವರ ಇಟ್ಟರು. ನಾಲ್ಕನೆಯ ಸಾಲಿನಲ್ಲೂ ಕಾದರು.

ಅದು ತಪ್ಪು. ಬಲಗೈ ಕಾದು ನಿಂತರೆ ಎಡಗೈ ತಡವಾಗುವುದೇ ಇಲ್ಲ, ಎರಡೂ ಒಂದೇ ಆಗಿಬಿಡುತ್ತವೆ, ಬೆರೆತದ್ದರ ರುಚಿಯೇ ಹೋಗುತ್ತದೆ. ಈಗ ನನ್ನ ಶಾಲೆಯ ಮಕ್ಕಳು ಹಾಗೆ ಕಾದರೆ ನಾನು ಪೆನ್ಸಿಲಿನಿಂದ ಪಿಯಾನೋದ ಅಂಚಿಗೆ ಕುಟ್ಟುತ್ತೇನೆ. ಅಂದು ಟೀಚರಿನ ಪೆನ್ಸಿಲು ನನ್ನ ಕೈಗೆಟುಕುವಷ್ಟು ಹತ್ತಿರವೇ ಇತ್ತು. ಪುಟದ ಕೊನೆಯವರೆಗೂ ಪ್ರತಿ ಸಾಲಿನಲ್ಲೂ ಅವರು ಕಾದರು, ನಾನು ತಿದ್ದಲಿಲ್ಲ.